ಸೆಪ್ಟೆಂಬರ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು ತೂಗಲು ಪಿಎಫ್‌ಎಫ್ ಚಂದಾ: ಯಾವ ಟ್ಯಾಬ್ ಕೆಲಸಕ್ಕೆ ಬರುತ್ತದೆ, ಯಾವುದು ದಾರಿ ತಪ್ಪಿಸುತ್ತದೆ

ಅಮೆರಿಕನ್ ಕಾಲೇಜು ಫುಟ್‌ಬಾಲ್‌ನ ಕೊಲರಾಡೋ ತಂಡ 2023ರಲ್ಲಿ ಆಡಿದ ನಾಲ್ಕನೇ ಪಂದ್ಯದ ಬಾಕ್ಸ್ ಸ್ಕೋರ್, ಅಂದರೆ ಅಂಕಿಪಟ್ಟಿ, ತೆಗೆದು ನೋಡಿ. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಶೆಡ್ಯೂರ್ ಸ್ಯಾಂಡರ್ಸ್ 33 ಎಸೆತಗಳಲ್ಲಿ 23 ಮುಟ್ಟಿಸಿದ್ದಾರೆ, 159 ಯಾರ್ಡ್, ಒಂದು ಟಚ್‌ಡೌನ್, ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ) ಇಲ್ಲ. ಹತ್ತಿರಹತ್ತಿರ ಶೇ 70ರಷ್ಟು ಎಸೆತ ಗುರಿ ಸೇರಿದೆ. ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ ಸೂತ್ರದ ಪ್ರಕಾರ ಪಾಸರ್ ರೇಟಿಂಗ್ 120. ಹೊಗಳುವಂಥದ್ದಲ್ಲ, ಮಾನ ಹೋಗುವಂಥದ್ದೂ ಅಲ್ಲ. ಆದರೆ ಆ ಪಂದ್ಯದಲ್ಲಿ ಆರೆಗಾನ್ 42, ಕೊಲರಾಡೋ 6. ಮಧ್ಯಂತರದ ಹೊತ್ತಿಗೇ 35-0. ಸ್ಯಾಂಡರ್ಸ್ ಅವತ್ತು ಏಳು ಸಲ ಸ್ಯಾಕ್ ಆಗಿದ್ದರು, ಅಂದರೆ ಎಸೆಯುವ ಮೊದಲೇ ಎದುರಾಳಿಗಳು ಕೆಡವಿದ್ದರು, ತಂಡದ ಏಕೈಕ ಟಚ್‌ಡೌನ್ ಬಂದದ್ದು ಎಲ್ಲ ಮುಗಿದ ಮೇಲೆ, ಕೊನೆಯ ಕ್ವಾರ್ಟರ್‌ನಲ್ಲಿ.

ಆ ಏಳು ಸ್ಯಾಕ್‌ಗಳಲ್ಲಿ ಒಂದೂ ರೇಟಿಂಗ್‌ಗೆ ತಟ್ಟಿಲ್ಲ. ಯಾರ್ಡ್‌ಗಳನ್ನು 8.4ರಿಂದ, ಟಚ್‌ಡೌನ್‌ಗಳನ್ನು 330ರಿಂದ, ಮುಟ್ಟಿದ ಎಸೆತಗಳನ್ನು 100ರಿಂದ ಗುಣಿಸಿ ಕೂಡಿಸು, ಇಂಟರ್‌ಸೆಪ್ಷನ್‌ಗಳನ್ನು 200ರಿಂದ ಗುಣಿಸಿ ಕಳೆ, ಬಂದದ್ದನ್ನು ಒಟ್ಟು ಎಸೆತಗಳಿಂದ ಭಾಗಿಸು: ಸೂತ್ರ ಇಷ್ಟೇ. ಸ್ಯಾಕ್‌ಗೆ ಅಲ್ಲಿ ಜಾಗವೇ ಇಲ್ಲ. ಇನ್ನೂ ಒಂದು ಎಡವಟ್ಟು ಎಂದರೆ, ಕಾಲೇಜು ಲೆಕ್ಕದಲ್ಲಿ ಸ್ಯಾಕ್‌ನಿಂದ ಹೋದ ಯಾರ್ಡ್‌ಗಳನ್ನು ಓಟದ ಖಾತೆಯಲ್ಲಿ ಕಳೆಯುತ್ತಾರೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಾದರೆ ಅದು ತಂಡದ ಪಾಸಿಂಗ್ ಖಾತೆಗೆ ಹೋಗುತ್ತದೆ. ಹಾಗಾಗಿ ಕಾಲೇಜು ಬಾಕ್ಸ್ ಸ್ಕೋರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಹೆಸರಿನ ಮುಂದೆ «10 ಓಟ, ಮೈನಸ್ 20» ಎಂದಿದ್ದರೆ ಅವನಿಗೆ ಓಡಲು ಬರುವುದಿಲ್ಲ ಎಂದು ತಿಳಿಯಬೇಡಿ. ಅದು ಪಾಕೆಟ್, ಅಂದರೆ ತಡೆಯುವವರು ಅವನ ಸುತ್ತ ಕಟ್ಟಿದ ರಕ್ಷಣೆಯ ಗೂಡು, ಕುಸಿದದ್ದರ ರಸೀದಿ.

ಈ ತೂತು ಮುಚ್ಚಲೆಂದೇ ಜನ ಪ್ರೊ ಫುಟ್‌ಬಾಲ್ ಫೋಕಸ್, ಅಂದರೆ ಪಿಎಫ್‌ಎಫ್‌ಗೆ ಚಂದಾ ಕಟ್ಟುತ್ತಾರೆ. ಕ್ವಾರ್ಟರ್‌ಬ್ಯಾಕ್ ಒತ್ತಡದಲ್ಲಿ ಹೇಗೆ ಆಡಿದ ಎಂಬುದನ್ನು ಪ್ರತಿ ಆಟದ ಮಟ್ಟದಲ್ಲಿ ಒಡೆದು ತೋರಿಸುವ ಸೇವೆಗಳಲ್ಲಿ ಸಾಮಾನ್ಯ ಅಭಿಮಾನಿಯ ಕೈಗೆಟಕುವಂಥದ್ದು ಮುಖ್ಯವಾಗಿ ಇದೇ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ: ಅಂಕಿಗಳು ಒಳ್ಳೆಯವು, ಗ್ರೇಡ್‌ಗಳು ಸುಮಾರು. ಸೀಸನ್‌ನ ಮೊದಲ ನಾಲ್ಕು ವಾರಗಳಲ್ಲಿ ಎಲ್ಲರೂ ಮೊದಲು ತೆರೆದು ನೋಡುವ ಕಾಲಂ ಯಾವುದೋ ಅದೇ ಎಲ್ಲಕ್ಕಿಂತ ಕಡಿಮೆ ನಂಬಬಹುದಾದದ್ದು.

ಗ್ರೇಡ್ ಹುಟ್ಟುವ ಬಗೆ

ಪಿಎಫ್‌ಎಫ್ 2014ರಿಂದ ಎಫ್‌ಬಿಎಸ್ (ಕಾಲೇಜು ಫುಟ್‌ಬಾಲ್‌ನ ಅತಿ ಮೇಲಿನ ಹಂತ) ಮಟ್ಟದ ಕಾಲೇಜು ಪಂದ್ಯಗಳನ್ನು ಗ್ರೇಡ್ ಮಾಡುತ್ತಿದೆ. ಪ್ರತಿ ಆಟಗಾರನಿಗೆ ಪ್ರತಿ ಆಟದಲ್ಲಿ ಮೈನಸ್ 2ರಿಂದ ಪ್ಲಸ್ 2ರವರೆಗೆ, ಅರ್ಧರ್ಧ ಅಂಕದ ಮೆಟ್ಟಿಲುಗಳಲ್ಲಿ ಗುರುತು ಹಾಕುತ್ತಾರೆ. ಮಾಡಬೇಕಾದ್ದನ್ನು ಮಾಡಿದರೆ ಸೊನ್ನೆ. ಬಹುಪಾಲು ಆಟಗಳು ಸೊನ್ನೆಯ ಅಕ್ಕಪಕ್ಕವೇ ಬೀಳುತ್ತವೆ. ಇವೆಲ್ಲ ಸೇರಿ 0ಯಿಂದ 100ರ ಅಳತೆಗೆ ಬರುತ್ತವೆ, 60ರ ಸುತ್ತ ಎಂದರೆ ಸಾಧಾರಣ.

ಇದರ ಗುಣ ಏನೆಂದರೆ, ಚೆಂಡು ಕೊನೆಗೆ ಏನಾಯಿತು ಎಂಬುದಕ್ಕಿಂತ ಎಸೆತ ಹೇಗಿತ್ತು ಎಂಬುದಕ್ಕೆ ಬೆಲೆ. ರಿಸೀವರ್‌ನ ಎದೆಗೆ ಹೋದ ಚೆಂಡು ಅವನ ಕೈಯಿಂದ ಪುಟಿದು ಇಂಟರ್‌ಸೆಪ್ಷನ್ ಆದರೆ ಕ್ವಾರ್ಟರ್‌ಬ್ಯಾಕ್‌ಗೆ ಶಿಕ್ಷೆ ಇಲ್ಲ. ಎದುರಾಳಿಯ ಹಿಂದಿನ ಕಾವಲುಗಾರ ಸೇಫ್ಟಿಯ ಕೈಗೇ ಎಸೆದು, ಅವನು ಬಿಟ್ಟರೆ ಕ್ವಾರ್ಟರ್‌ಬ್ಯಾಕ್ ಬಚಾವಾಗುವುದೂ ಇಲ್ಲ. ಇಂಥ ಎಸೆತಗಳು, ಜೊತೆಗೆ ಚೆಂಡನ್ನು ಅಜಾಗರೂಕತೆಯಿಂದ ಹಿಡಿದು ಕೈಜಾರಿಸಿದ್ದು (ಫಂಬಲ್), ಎಲ್ಲವೂ «ಟರ್ನೋವರ್‌ವರ್ದಿ ಪ್ಲೇ» ಕಾಲಂಗೆ ಹೋಗುತ್ತವೆ. 2025ರ ಸೆಪ್ಟೆಂಬರ್ 13ರಂದು ಎಲ್‌ಎಸ್‌ಯು ವಿರುದ್ಧ ಫ್ಲಾರಿಡಾದ ಡಿಜೆ ಲಾಗ್‌ವೇ ಐದು ಇಂಟರ್‌ಸೆಪ್ಷನ್ ಕೊಟ್ಟು ತಂಡ 20-10ರಿಂದ ಸೋತಿತು. ಅಂಥ ದಿನ ಐದು ಎಂಬ ಸಂಖ್ಯೆಯನ್ನು ಹಿಡಿದು ಕೂಗಾಡುವುದು ಸುಲಭ. ಐದರಲ್ಲಿ ಎಷ್ಟು ತೀರ್ಮಾನದ ತಪ್ಪು, ಎಷ್ಟು ಬೇರೆಯವರ ಕೈ ಸೋಕಿ ಹೋದದ್ದು ಎಂದು ಬಿಡಿಸಿಕೊಳ್ಳಲು ಈ ಕಾಲಂ ಬೇಕು. ಇದರ ಎದುರು ಬದಿಯ ಜೋಡಿ «ಬಿಗ್ ಟೈಮ್ ಥ್ರೋ»: ಕಷ್ಟದ ಜಾಗಕ್ಕೆ, ದೊಡ್ಡ ಲಾಭಕ್ಕೆ, ನಿಖರವಾಗಿ ಹೋದ ಎಸೆತ. ಎರಡನ್ನೂ ಒಟ್ಟಿಗೆ ಓದಬೇಕು. ಎರಡೂ ಕಡಿಮೆ ಇದ್ದರೆ ಅಂಜುಬುರುಕ ಆಟ, ಎರಡೂ ಹೆಚ್ಚಿದ್ದರೆ ಜೂಜು.

ಹೊಂದಿಸಿದ ಕಂಪ್ಲೀಷನ್ ಶೇಕಡಾವಾರು ಕೂಡ ಉಪಯೋಗಕ್ಕೆ ಬರುವಂಥದ್ದೇ. ಬೇಕೆಂದೇ ಹೊರಗೆಸೆದ ಚೆಂಡು, ಗಡಿಯಾರ ನಿಲ್ಲಿಸಲು ನೆಲಕ್ಕೆ ಕುಟ್ಟಿದ್ದು, ಆಟ ಶುರುವಾಗುವ ಗೆರೆಯಲ್ಲೇ ತಟ್ಟಿ ಬೀಳಿಸಿದ್ದು, ಎಸೆಯುವಾಗ ಕೈಗೆ ಏಟು ಬಿದ್ದದ್ದು ಇವನ್ನು ಲೆಕ್ಕದಿಂದ ತೆಗೆದು, ರಿಸೀವರ್ ಕೈಬಿಟ್ಟದ್ದನ್ನು ಮುಟ್ಟಿದ್ದೆಂದೇ ಎಣಿಸುತ್ತಾರೆ. ಒತ್ತಡದಲ್ಲಿ ಜಾಣತನದಿಂದ ಚೆಂಡನ್ನು ಹೊರಗೆಸೆಯುವವನಿಗೆ ಮಾಮೂಲಿ ಶೇಕಡಾವಾರು ಅನ್ಯಾಯ ಮಾಡುತ್ತದೆ, ಇದು ಮಾಡುವುದಿಲ್ಲ.

ಪ್ರೆಷರ್ ಟ್ಯಾಬ್: ತೆರೆದ ಕೂಡಲೇ ಕಣ್ಣು ಹೋಗುವುದು ತಪ್ಪು ಜಾಗಕ್ಕೆ

ಪಾಸಿಂಗ್ ವಿಭಾಗದೊಳಗೆ ಪ್ರೆಷರ್ ಎಂಬ ಟ್ಯಾಬ್ ಇದೆ. ಪಾಕೆಟ್ ಸ್ವಚ್ಛವಾಗಿದ್ದಾಗ, ಒತ್ತಡವಿದ್ದಾಗ, ಬ್ಲಿಟ್ಜ್ (ಮಾಮೂಲಿಗಿಂತ ಹೆಚ್ಚು ಜನ ನುಗ್ಗುವುದು) ಬಂದಾಗ, ಬ್ಲಿಟ್ಜ್ ಇಲ್ಲದಾಗ ಹೀಗೆ ಒಬ್ಬನೇ ಕ್ವಾರ್ಟರ್‌ಬ್ಯಾಕ್‌ನ ಆಟವನ್ನು ಸೀಳಿ ಇಟ್ಟಿರುತ್ತಾರೆ. ಒತ್ತಡ ಎಂದರೆ ಸ್ಯಾಕ್ ಮಾತ್ರವಲ್ಲ. ಎಸೆದ ಮೇಲೆ ಬಿದ್ದ ಏಟು, ಅವಸರ ಮಾಡಿಸಿದ್ದು ಎಲ್ಲ ಸೇರುತ್ತವೆ. ಸಾಮಾನ್ಯವಾಗಿ ಡ್ರಾಪ್‌ಬ್ಯಾಕ್‌ಗಳಲ್ಲಿ (ಎಸೆಯಲೆಂದು ಹಿಂದೆ ಸರಿದ ಆಟಗಳಲ್ಲಿ) ಮೂರನೇ ಒಂದು ಭಾಗದಷ್ಟು ಒತ್ತಡದವು.

ಎಲ್ಲರೂ ಮಾಡುವುದು ಒಂದೇ: «ಒತ್ತಡದಲ್ಲಿ ಗ್ರೇಡ್» ಕಾಲಂ ಒತ್ತಿ ಮೇಲಿಂದ ಕೆಳಕ್ಕೆ ಜೋಡಿಸಿ, ಮೇಲೆ ಬಂದವನನ್ನು ಗಟ್ಟಿಗ ಎಂದು ಘೋಷಿಸುವುದು. ಸೆಪ್ಟೆಂಬರ್‌ನಲ್ಲಿ ಇದು ಹೆಚ್ಚುಕಡಿಮೆ ಲಾಟರಿ ಎತ್ತಿದಂತೆ. ಒತ್ತಡದಲ್ಲಿನ ಆಟ ಒಂದು ಸೀಸನ್‌ನಿಂದ ಇನ್ನೊಂದಕ್ಕೆ ಅಷ್ಟಾಗಿ ಉಳಿಯುವುದಿಲ್ಲ, ಸ್ವಚ್ಛ ಪಾಕೆಟ್‌ನ ಆಟವೇ ಹೆಚ್ಚು ಸ್ಥಿರ ಎಂಬುದನ್ನು ಪಿಎಫ್‌ಎಫ್‌ನವರೇ ತಮ್ಮ ಅಂಕಿಗಳಿಂದ ಹಲವು ಸಲ ತೋರಿಸಿದ್ದಾರೆ. ಕಾರಣ ಸರಳ. ಒತ್ತಡದ ಆಟಗಳಲ್ಲಿ ಒಂದರಂತೆ ಇನ್ನೊಂದಿಲ್ಲ: ಒಮ್ಮೆ ಬಲಗಡೆಯಿಂದ ಯಾರೂ ತಡೆಯದ ಎದುರಾಳಿ ಲೈನ್‌ಬ್ಯಾಕರ್ ನುಗ್ಗುತ್ತಾನೆ, ಇನ್ನೊಮ್ಮೆ ಮುಂದೆ ನಿಂತು ತಡೆಯುವ ಐವರ ಲೈನ್‌ನಲ್ಲಿ ಒಬ್ಬನಾದ ಗಾರ್ಡ್ ನಿಧಾನವಾಗಿ ಹಿಂದೆ ತಳ್ಳಿಸಿಕೊಳ್ಳುತ್ತಾನೆ, ಮತ್ತೊಮ್ಮೆ ಯಾರೂ ಖಾಲಿ ಇಲ್ಲದ್ದಕ್ಕೆ ಕ್ವಾರ್ಟರ್‌ಬ್ಯಾಕ್ ತಾನೇ ಕಾದು ಕಾದು ಸಿಕ್ಕಿಬೀಳುತ್ತಾನೆ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಸರಾಸರಿ ತೆಗೆದರೆ ಬರುವುದು ಗುಣವಲ್ಲ, ಗದ್ದಲ.

ಹಾಗಾದರೆ ನೋಡಬೇಕಾದ್ದು ಏನು? ಒಂದು, ಸ್ವಚ್ಛ ಪಾಕೆಟ್‌ನ ಗ್ರೇಡ್. ಸಮಯ ಸಿಕ್ಕಾಗಲೂ ಎಸೆತ ತಪ್ಪುತ್ತಿದ್ದರೆ ಒತ್ತಡದ ಮಾತೇ ಬೇಡ, ರೋಗ ಬೇರೆ ಕಡೆ ಇದೆ. ಎರಡು, ಒತ್ತಡ ಸ್ಯಾಕ್ ಆಗಿ ಬದಲಾಗುವ ಪ್ರಮಾಣ, ಅಂದರೆ ಪ್ರೆಷರ್‌ಟುಸ್ಯಾಕ್. ಒತ್ತಡ ಬಂದ ಡ್ರಾಪ್‌ಬ್ಯಾಕ್‌ಗಳಲ್ಲಿ ಎಷ್ಟು ಸ್ಯಾಕ್‌ನಲ್ಲಿ ಮುಗಿದವು ಎಂಬ ಲೆಕ್ಕ. ಒತ್ತಡ ಬರುವುದು ಬಹುಪಾಲು ಲೈನ್ ಮತ್ತು ಯೋಜನೆಯ ಕೈಯಲ್ಲಿ. ಬಂದ ಒತ್ತಡದಿಂದ ಹೊರಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಯಲ್ಲಿ. ಅದಕ್ಕೇ ಈ ಸಂಖ್ಯೆ ಆಟಗಾರನ ಬೆನ್ನು ಹತ್ತಿ ಮುಂದಿನ ತಂಡಕ್ಕೂ ಹೋಗುತ್ತದೆ. ಯುಎಸ್‌ಸಿಯಲ್ಲಿದ್ದಾಗ ಕೇಲೆಬ್ ವಿಲಿಯಮ್ಸ್ ಚೆಂಡನ್ನು ತುಂಬ ಹೊತ್ತು ಹಿಡಿದುಕೊಳ್ಳುತ್ತಾರೆ ಎಂಬ ದೂರು ಇತ್ತು. 2024ರಲ್ಲಿ ಎನ್‌ಎಫ್‌ಎಲ್‌ನ ಶಿಕಾಗೋ ಬೇರ್ಸ್ ಪರ ಮೊದಲ ವರ್ಷದಲ್ಲೇ 68 ಸಲ ಸ್ಯಾಕ್ ಆದರು. ಲೈನ್ ಕೆಟ್ಟದಾಗಿತ್ತು ನಿಜ, ಆದರೆ 68ಕ್ಕೆ ಲೈನ್ ಒಂದೇ ಸಾಲುವುದಿಲ್ಲ.

ಅಂದಾಜಿಗೆ, ಪ್ರೆಷರ್‌ಟುಸ್ಯಾಕ್ ಶೇ 15ರ ಕೆಳಗಿದ್ದರೆ ಕ್ವಾರ್ಟರ್‌ಬ್ಯಾಕ್ ಪಾಕೆಟ್‌ನಲ್ಲಿ ಜಾಣ, 25 ದಾಟಿದರೆ ಚಿಂತೆ ಮಾಡಬೇಕು. ಆದರೆ ಇಲ್ಲೂ ಸೆಪ್ಟೆಂಬರ್‌ನ ಮೋಸ ಇದೆ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ. ಪಂದ್ಯಕ್ಕೆ ಸುಮಾರು 30 ಡ್ರಾಪ್‌ಬ್ಯಾಕ್, ಮೂರು ಪಂದ್ಯಕ್ಕೆ 90, ಅದರಲ್ಲಿ ಒತ್ತಡದವು 30. ಐದು ಸ್ಯಾಕ್ ಆಗಿದ್ದರೆ 16.7. ಎಂಟಾಗಿದ್ದರೆ 26.7. ಒಳ್ಳೆಯವನಿಗೂ ಅಪಾಯದವನಿಗೂ ನಡುವೆ ಇರುವುದು ಮೂರೇ ಆಟ. ಆ ಮೂರರಲ್ಲಿ ಒಂದು, ಪಂದ್ಯ ಕೈಬಿಟ್ಟ ಮೇಲೆ ಗಡಿಯಾರ ಓಡಲಿ ಎಂದು ಚೆಂಡು ಹಿಡಿದು ಕುಳಿತದ್ದೂ ಇರಬಹುದು. ಆದ್ದರಿಂದ ಮೊದಲ ಮೂರು ವಾರಗಳಲ್ಲಿ ಶೇಕಡಾವಾರು ನೋಡುವುದನ್ನು ಬಿಟ್ಟು ಸ್ಯಾಕ್‌ಗಳನ್ನು ಎಣಿಸಿ, ಸಾಧ್ಯವಾದರೆ ಒಂದೊಂದನ್ನೂ ವಿಡಿಯೊದಲ್ಲಿ ನೋಡಿ. ಹಿಂದಿನ ಸೀಸನ್‌ನ ಸಂಖ್ಯೆ ಇದ್ದರೆ ಅದನ್ನೇ ಆಧಾರ ಮಾಡಿಕೊಂಡು, ಹೊಸ ಮೂರು ಪಂದ್ಯಗಳಿಂದ ಅದನ್ನು ತುಸುವೇ ಸರಿಸಿ.

ಬ್ಲಿಟ್ಜ್ ಭಾಗದ ಬಗ್ಗೆ ಒಂದೇ ಮಾತು. ಬ್ಲಿಟ್ಜ್ ಬಂದಾಗ ಚೆನ್ನಾಗಿ ಆಡುವ ಕಾಲೇಜು ಕ್ವಾರ್ಟರ್‌ಬ್ಯಾಕ್‌ಗಳು ಬೇಕಾದಷ್ಟು ಸಿಗುತ್ತಾರೆ, ಏಕೆಂದರೆ ಹೆಚ್ಚು ಜನ ನುಗ್ಗಿದರೆ ಹಿಂದೆ ಕಾಯಲು ಜನ ಕಡಿಮೆ. ನಾಲ್ವರೇ ನುಗ್ಗಿ ಒತ್ತಡ ತಂದು, ಏಳು ಮಂದಿ ಹಿಂದೆ ಕಾದಾಗ ಏನಾಗುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ «ಬ್ಲಿಟ್ಜ್ ಇಲ್ಲ» ಸಾಲನ್ನು ಒತ್ತಡದ ಸಾಲಿನ ಪಕ್ಕ ಇಟ್ಟು ಓದಬೇಕು.

ಯಾರ ತಪ್ಪು ಎಂಬ ಟ್ಯಾಬ್

ಇಡೀ ಸೇವೆಯಲ್ಲಿ ದುಡ್ಡಿಗೆ ತಕ್ಕ ಟ್ಯಾಬ್ ಯಾವುದು ಎಂದು ಕೇಳಿದರೆ ಉತ್ತರ «ಅಲೌಡ್ ಪ್ರೆಷರ್». ಕ್ವಾರ್ಟರ್‌ಬ್ಯಾಕ್ ಮೇಲೆ ಬಂದ ಒಟ್ಟು ಒತ್ತಡವನ್ನು ಎಡ ಟ್ಯಾಕಲ್, ಎಡ ಗಾರ್ಡ್, ಸೆಂಟರ್, ಬಲ ಗಾರ್ಡ್, ಬಲ ಟ್ಯಾಕಲ್, ಟೈಟ್ ಎಂಡ್, ಇತರರು ಎಂದು ಹಂಚಿ, ಅದರ ಜೊತೆಗೆ «ಸ್ವಯಂ» ಎಂಬ ಕಾಲಂ ಕೂಡ ಇಟ್ಟಿದ್ದಾರೆ. ಕ್ವಾರ್ಟರ್‌ಬ್ಯಾಕ್ ತಾನೇ ತಂದುಕೊಂಡ ಒತ್ತಡ ಅದು.

ತಾನೇ ತಂದುಕೊಳ್ಳುವುದು ಹೇಗೆ? ಟ್ಯಾಕಲ್‌ಗಳು ಹಿಂದೆ ಸರಿಯುವ ಕೋನ ನಿಂತಿರುವುದು ಕ್ವಾರ್ಟರ್‌ಬ್ಯಾಕ್ ಒಂದು ನಿರ್ದಿಷ್ಟ ಆಳದಲ್ಲಿ ನಿಲ್ಲುತ್ತಾನೆ ಎಂಬ ನಂಬಿಕೆಯ ಮೇಲೆ. ಅಂಚಿನಿಂದ ಬರುವ ರಷರ್‌ನನ್ನು ಟ್ಯಾಕಲ್ ಪೂರ್ತಿ ನಿಲ್ಲಿಸಬೇಕಿಲ್ಲ, ಕ್ವಾರ್ಟರ್‌ಬ್ಯಾಕ್ ನಿಂತ ಜಾಗದ ಹಿಂದಿನಿಂದ ಸುತ್ತಿ ಹೋಗುವಂತೆ ತಳ್ಳಿದರೆ ಸಾಕು. ಕ್ವಾರ್ಟರ್‌ಬ್ಯಾಕ್ ಮುಂದೆ ಹೆಜ್ಜೆ ಇಟ್ಟು ಪಾಕೆಟ್ ಒಳಗೆ ಏರುವ ಬದಲು ಹಿಂದಕ್ಕೆ ಹಿಂದಕ್ಕೆ ಜಾರಿದರೆ, ಟ್ಯಾಕಲ್ ಸರಿಯಾಗಿ ತಳ್ಳಿದ ರಷರ್ ನೇರವಾಗಿ ಅವನ ಬೆನ್ನಿಗೇ ಬಂದು ಬೀಳುತ್ತಾನೆ. ಟಿವಿಯಲ್ಲಿ ನೋಡಿದವರಿಗೆ ಟ್ಯಾಕಲ್ ಸೋತಂತೆ ಕಾಣುತ್ತದೆ. ಸೋತವನು ಅವನಲ್ಲ.

ಆದರೆ ಈ ಹಂಚಿಕೆಯಲ್ಲೇ ಪಿಎಫ್‌ಎಫ್‌ನ ದೊಡ್ಡ ಬಿರುಕೂ ಇದೆ. ಗ್ರೇಡ್ ಹಾಕುವವರಿಗೆ ಹಡಲ್‌ನಲ್ಲಿ (ಆಟಕ್ಕೆ ಮುಂಚೆ ಆಟಗಾರರು ಗುಂಪುಗೂಡಿದಾಗ) ಯಾವ ಪ್ರೊಟೆಕ್ಷನ್, ಅಂದರೆ ತಡೆಯುವ ಯೋಜನೆ, ಕರೆದರು ಎಂಬುದು ಗೊತ್ತಿರುವುದಿಲ್ಲ, ವಿಡಿಯೊ ನೋಡಿ ಊಹಿಸಬೇಕು. ಒಂದು ಉದಾಹರಣೆ ಹಿಡಿಯೋಣ. ಐದು ಜನ ಲೈನ್‌ಮನ್‌ಗಳು ತಡೆಯಲು ನಿಂತಿದ್ದಾರೆ, ರನ್ನಿಂಗ್ ಬ್ಯಾಕ್ ಪಾಸ್ ಹಿಡಿಯಲು ಹೊರಗೆ ಓಡಿದ್ದಾನೆ, ಎದುರಿನಿಂದ ಆರು ಮಂದಿ ನುಗ್ಗಿದರು. ಐವರು ಆರು ಜನರನ್ನು ತಡೆಯಲಾರರು. ಆರನೆಯವನ ಜವಾಬ್ದಾರಿ ಕ್ವಾರ್ಟರ್‌ಬ್ಯಾಕ್‌ನದು: ಅವನು ಬರುವುದನ್ನು ಕಂಡು, ಅವನು ಬಿಟ್ಟು ಬಂದ ಜಾಗಕ್ಕೆ ತಕ್ಷಣ ಎಸೆಯಬೇಕು. ಅದನ್ನೇ ಹಾಟ್ ಎನ್ನುವುದು. ಆದರೆ ರನ್ನಿಂಗ್ ಬ್ಯಾಕ್ ಒಳಗೇ ಉಳಿದು ಆ ಆರನೆಯವನನ್ನು ತಡೆಯಬೇಕೆಂಬ ಕರೆ ಇದ್ದು, ಅವನು ಮರೆತು ಓಡಿದ್ದರೆ? ಅಥವಾ ಸೆಂಟರ್ ಇಡೀ ಲೈನನ್ನು ಬಲಕ್ಕೆ ಸರಿಸಬೇಕಿದ್ದಲ್ಲಿ ಎಡಕ್ಕೆ ಸರಿಸಿದ್ದರೆ? ಮೂರು ಸಂದರ್ಭದಲ್ಲೂ ಪರದೆಯ ಮೇಲೆ ಕಾಣುವುದು ಒಂದೇ, ಯಾರೂ ಮುಟ್ಟದ ರಷರ್ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಬಂದು ಅಪ್ಪಳಿಸಿದ್ದು. ಕೋಚ್‌ಗಳು ಪಿಎಫ್‌ಎಫ್ ಗ್ರೇಡ್ ಕಂಡರೆ ಸಿಡುಕುವುದಕ್ಕೆ ಇದು ನ್ಯಾಯವಾದ ಕಾರಣ. ಎಲ್ಲ 22 ಆಟಗಾರರೂ ಕಾಣುವ ಕೋನದ ವಿಡಿಯೊ ಕಾಲೇಜು ಪಂದ್ಯಗಳಿಗೆ ಅಭಿಮಾನಿಗಳ ಕೈಗೆ ಸಲೀಸಾಗಿ ಸಿಗದ ಕಾರಣ ನಾವು ಪರಿಶೀಲಿಸುವುದೂ ಕಷ್ಟ.

ಹೀಗಾಗಿ ಈ ಟ್ಯಾಬನ್ನು ಓದುವಾಗ ಎರಡು ತುದಿಗಳನ್ನು ಮಾತ್ರ ನಂಬಿ. «ಸ್ವಯಂ» ಕಾಲಂ ತೀರ ಹೆಚ್ಚಿದ್ದರೆ ಕ್ವಾರ್ಟರ್‌ಬ್ಯಾಕ್‌ನ ಅಭ್ಯಾಸದಲ್ಲೇ ದೋಷ. ಒಬ್ಬನೇ ಲೈನ್‌ಮನ್ ಹೆಸರಿಗೆ ಅರ್ಧದಷ್ಟು ಬಿದ್ದಿದ್ದರೆ ಅವನ ಜಾಗ ಸೋರುತ್ತಿದೆ, ಮುಂದಿನ ಎದುರಾಳಿ ಅಲ್ಲೇ ದಾಳಿ ಮಾಡುತ್ತಾನೆ. ಐವರ ಮೇಲೂ ಸಮನಾಗಿ ಹರಡಿದ್ದರೆ ಯಾರ ಬಗ್ಗೆಯೂ ಏನೂ ಹೇಳಲು ಬರುವುದಿಲ್ಲ. ಬಹುಶಃ ಮಾತುಕತೆ ಸರಿಯಿಲ್ಲ ಎಂದಷ್ಟೇ ಅನ್ನಬಹುದು.

ಸೀಸನ್ ಆರಂಭದಲ್ಲಿ ಈ ಮಾತುಕತೆಯ ದೋಷವೇ ಹೆಚ್ಚು. ವರ್ಗಾವಣೆಯ ನಿಯಮಗಳು 2021ರಿಂದ ಸಡಿಲವಾದ ಮೇಲೆ ಐದರಲ್ಲಿ ಮೂವರು ನಾಲ್ವರು ಹೊಸಬರಿರುವ ಲೈನ್‌ಗಳು ಮಾಮೂಲಾಗಿವೆ. ಬಲಿಷ್ಠರೇ ಇರಬಹುದು, ಆದರೆ ಇಬ್ಬರು ರಷರ್‌ಗಳು ಅಡ್ಡ ದಾಟಿ ಜಾಗ ಬದಲಿಸಿದಾಗ ಯಾರು ಯಾರನ್ನು ಹಿಡಿಯಬೇಕು ಎಂಬುದು ಪಕ್ಕದವನ ಜೊತೆ ಆಡಿ ಆಡಿಯೇ ಬರಬೇಕು. 2024ರಿಂದ ಎಫ್‌ಬಿಎಸ್‌ನಲ್ಲಿ ಹೆಲ್ಮೆಟ್ ರೇಡಿಯೊ ಮೂಲಕ ಕೋಚ್ ಮಾತಾಡಬಹುದು, ಆದರೆ ಪ್ಲೇ ಕ್ಲಾಕ್‌ನಲ್ಲಿ (ಮುಂದಿನ ಆಟ ಶುರುಮಾಡಲು ಇರುವ ಗಡಿಯಾರದಲ್ಲಿ) 15 ಸೆಕೆಂಡ್ ಉಳಿದಾಗ ಅದು ಬಂದ್. ಚಾಣಾಕ್ಷ ಡಿಫೆನ್ಸ್ ಅಲ್ಲಿಯವರೆಗೆ ತನ್ನ ಬ್ಲಿಟ್ಜ್ ಬಚ್ಚಿಟ್ಟುಕೊಂಡಿರುತ್ತದೆ. ಆಮೇಲೆ ಕ್ವಾರ್ಟರ್‌ಬ್ಯಾಕ್ ಒಂಟಿ.

ಉಳಿದ ಟ್ಯಾಬ್‌ಗಳು

«ಟೈಮ್ ಇನ್ ಪಾಕೆಟ್» ಎಸೆತಗಳನ್ನು 2.5 ಸೆಕೆಂಡ್‌ಗಿಂತ ಒಳಗೆ, ಅದರಾಚೆ ಎಂದು ಎರಡಾಗಿ ಮಾಡುತ್ತದೆ. ಓಡಾಡುವ ಕ್ವಾರ್ಟರ್‌ಬ್ಯಾಕ್‌ನ ಸರಾಸರಿ ಸಮಯ ಸಹಜವಾಗಿಯೇ ಹೆಚ್ಚಿರುತ್ತದೆ, ಅದನ್ನೇ ದೋಷ ಎನ್ನಬೇಡಿ. ಪಾಕೆಟ್ ಬಿಟ್ಟು ಹೊರಡದೆ, ನಿಂತಲ್ಲೇ ಮೂರು ಸೆಕೆಂಡ್ ದಾಟಿಸುವವನು ಮಾತ್ರ ಅಪಾಯಕಾರಿ.

«ಕಾನ್ಸೆಪ್ಟ್» ಟ್ಯಾಬ್‌ನಲ್ಲಿ ಪ್ಲೇ ಆ್ಯಕ್ಷನ್ (ಓಟದ ನಟನೆ ಮಾಡಿ ಎಸೆಯುವುದು) ಮತ್ತು ಸ್ಕ್ರೀನ್ ಎಸೆತಗಳನ್ನು ಬೇರ್ಪಡಿಸಿದ್ದಾರೆ. ಸ್ಕ್ರೀನ್ ತೆಗೆದು ನೋಡುವುದು ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಆಟ ಶುರುವಾಗುವ ಗೆರೆಯ ಹಿಂದೆಯೇ ಎಸೆದು ರಿಸೀವರ್ ಓಡಿ ಗಳಿಸಿದ 40 ಯಾರ್ಡ್ ಕ್ವಾರ್ಟರ್‌ಬ್ಯಾಕ್ ಖಾತೆಗೆ ಬಂದು ಕೂರುತ್ತದೆ. ಸ್ಕ್ರೀನ್ ತೆಗೆದರೂ ಆರ್‌ಪಿಒ (ಓಟವೋ ಎಸೆತವೋ ಎಂದು ಆಟದ ನಡುವೆಯೇ ಆರಿಸುವುದು) ಎಸೆತಗಳು ಸಂಖ್ಯೆಗಳನ್ನು ಉಬ್ಬಿಸುತ್ತವೆ. ಕಾಲೇಜಿನಲ್ಲಿ ಪಾಸ್ ಹೋಗುವ ಮೊದಲೇ ಲೈನ್‌ಮನ್‌ಗಳು ಮೂರು ಯಾರ್ಡ್‌ವರೆಗೆ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್. ಹಾಗಾಗಿ ಲೈನ್‌ಬ್ಯಾಕರ್ ಓಟವೆಂದು ನಂಬಿ ಮುಂದೆ ಬರುತ್ತಾನೆ, ಅವನ ಬೆನ್ನ ಹಿಂದೆ ಸುಲಭದ ಎಸೆತ ಸಿಗುತ್ತದೆ. ಅದನ್ನು ಅಂದಾಜು ಮಾಡಲು «ಡೆಪ್ತ್» ಟ್ಯಾಬ್ ಇದೆ: ಗೆರೆಯ ಹಿಂದೆ, 0-9, 10-19, 20 ಮತ್ತು ಮೇಲೆ, ಪ್ರತಿಯೊಂದೂ ಎಡ ನಡು ಬಲ. 10-19 ಯಾರ್ಡ್‌ನ ನಡುಭಾಗದಲ್ಲಿ ಎಸೆತಗಳೇ ಇಲ್ಲದ ಕ್ವಾರ್ಟರ್‌ಬ್ಯಾಕ್‌ಗೆ ಯೋಜನೆ ಊಟ ಬಡಿಸುತ್ತಿದೆ, ಅವನು ಇನ್ನೂ ಪರೀಕ್ಷೆ ಬರೆದಿಲ್ಲ.

ತಂಡದ ಭವಿಷ್ಯ ಹೇಳಲು ಇಷ್ಟು ಸಾಕೇ?

ಸಾಲದು. ಪಿಎಫ್‌ಎಫ್ ಗ್ರೇಡ್‌ಗೆ ಎದುರಾಳಿಯ ತೂಕ ಸೇರಿಸುವುದಿಲ್ಲ. ದೊಡ್ಡ ಕಾಲೇಜುಗಳು ಸೆಪ್ಟೆಂಬರ್‌ನಲ್ಲಿ ದುಡ್ಡು ಕೊಟ್ಟು ಕರೆಸಿ ಆಡುವ ಎಫ್‌ಸಿಎಸ್ (ಒಂದು ಮೆಟ್ಟಿಲು ಕೆಳಗಿನ ಹಂತ) ತಂಡಗಳಿಗೆ 2024ರವರೆಗೆ 63 ವಿದ್ಯಾರ್ಥಿವೇತನಗಳ ಮಿತಿ, ಎಫ್‌ಬಿಎಸ್ ತಂಡಗಳಿಗೆ 85. ಅಂಥ ಪಂದ್ಯದಲ್ಲಿ 92 ಗ್ರೇಡ್ ಪಡೆದವನೂ, ಮೊದಲ ವಾರವೇ ಓಹಾಯೊ ಸ್ಟೇಟ್ ಎದುರಿಸಿ 60 ಪಡೆದವನೂ ಒಂದೇ ಪಟ್ಟಿಯಲ್ಲಿ ಕೂತಿರುತ್ತಾರೆ. ವಾರಗಳನ್ನು ಆರಿಸುವ ಫಿಲ್ಟರ್ ಇದೆ, ಎಫ್‌ಸಿಎಸ್ ವಾರವನ್ನು ತೆಗೆದುಹಾಕಿ. ಎರಡೇ ಪಂದ್ಯ ಉಳಿದರೂ ಪರವಾಗಿಲ್ಲ.

2025ರ ಟೆಕ್ಸಸ್ ಇದಕ್ಕೆ ಒಳ್ಳೆಯ ಪಾಠ. ಪತ್ರಕರ್ತರು ಮತ ಹಾಕುವ ಎಪಿ ಪೋಲ್‌ನಲ್ಲಿ ಸೀಸನ್‌ಗೆ ಮುಂಚೆ ಮೊದಲ ಸ್ಥಾನ, ಆ ತಂಡಕ್ಕೆ ಹಾಗೆ ಸಿಕ್ಕಿದ್ದು ಅದೇ ಮೊದಲು. ಆಗಸ್ಟ್ 30ರಂದು ಓಹಾಯೊ ಸ್ಟೇಟ್ ವಿರುದ್ಧ 14-7ರ ಸೋಲು, ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ 30ಕ್ಕೆ 17, 170 ಯಾರ್ಡ್. ಎರಡು ವಾರದ ಮೇಲೆ ಯುಟೆಪ್‌ನಂಥ ತಂಡದ ಎದುರು ಸ್ವಂತ ಅಂಗಳದಲ್ಲಿ 25ಕ್ಕೆ 11, ಪ್ರೇಕ್ಷಕರ ಕೂಗು ಬೇರೆ. ಎಲ್ಲ ಕಣ್ಣೂ ಮ್ಯಾನಿಂಗ್ ಮೇಲೆ. ಆದರೆ ಹಿಂದಿನ ವರ್ಷದ ಐವರು ಲೈನ್‌ಮನ್‌ಗಳಲ್ಲಿ ನಾಲ್ವರು ಹೊರಟುಹೋಗಿದ್ದರು ಎಂಬುದು ಆ ಮೊದಲ ಸ್ಥಾನ ಕೊಟ್ಟವರ ತಲೆಯಲ್ಲಿ ಇತ್ತೋ ಇಲ್ಲವೋ. ಕೊನೆಗೆ ಅದೇ ಟೆಕ್ಸಸ್ ನವೆಂಬರ್‌ನಲ್ಲಿ ಅಲ್ಲಿಯವರೆಗೆ ಸೋಲದಿದ್ದ ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು 27-17ರಿಂದ ಸೋಲಿಸಿ, ಸೀಸನ್ನನ್ನು 10-3ರಲ್ಲಿ ಮುಗಿಸಿತು. ಕೊಲರಾಡೋ 2023ರಲ್ಲಿ ತೋರಿಸಿದ್ದು ಇದರ ಉಲ್ಟಾ: ಟಿಸಿಯು ವಿರುದ್ಧ 510 ಯಾರ್ಡ್ ಪಾಸಿಂಗ್ ಜೊತೆ 45-42ರ ಗೆಲುವು, ಸತತ ಮೂರು ಜಯ, ಕೊನೆಗೆ 4-8. ಗೆದ್ದ ಪಂದ್ಯಗಳಲ್ಲೂ ಪಾಕೆಟ್ ಕುಸಿಯುತ್ತಿತ್ತು. ಆ ಸೀಸನ್‌ನಲ್ಲಿ ಸ್ಯಾಂಡರ್ಸ್ 50ಕ್ಕೂ ಹೆಚ್ಚು ಸಲ ಸ್ಯಾಕ್ ಆದರು.

ಪ್ರೆಷರ್‌ಟುಸ್ಯಾಕ್ ಆಟಗಾರನ ಬೆನ್ನು ಬಿಡುವುದಿಲ್ಲ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಕ್ಯಾಲಿಫೋರ್ನಿಯಾ ಪರ 2024ರಲ್ಲಿ ಬೇಕಾದಷ್ಟು ಸ್ಯಾಕ್ ತಿಂದ ಫರ್ನಾಂಡೊ ಮೆಂಡೋಜಾ 2025ಕ್ಕೆ ಇಂಡಿಯಾನಾ ಸೇರಿದರು. ಎಪಿ ಪಟ್ಟಿಯಲ್ಲಿ 20ನೇ ಸ್ಥಾನದಿಂದ ಹೊರಟ ತಂಡ 16-0 ದಾಖಲೆಯೊಂದಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು, ಮೆಂಡೋಜಾಗೆ ವರ್ಷದ ಶ್ರೇಷ್ಠ ಆಟಗಾರನ ಹೈಸ್‌ಮನ್ ಪ್ರಶಸ್ತಿ. ಗಟ್ಟಿ ಲೈನ್, ಬೇಗ ಎಸೆಯಲು ಬಿಡುವ ಯೋಜನೆ ಸಿಕ್ಕರೆ ಹಳೆಯ ಸಂಖ್ಯೆ ಕರಗಬಲ್ಲದು. ಆದ್ದರಿಂದ ತಂಡ ಬದಲಿಸಿದ ಕ್ವಾರ್ಟರ್‌ಬ್ಯಾಕ್‌ನ ಹಳೆಯ ಸಂಖ್ಯೆ ಓದುವಾಗ ಹಳೆಯ ತಂಡದ «ಅಲೌಡ್ ಪ್ರೆಷರ್» ಕೂಡ ತೆಗೆಯಿರಿ. ಅಲ್ಲಿ «ಸ್ವಯಂ» ಪಾಲು ಚಿಕ್ಕದಿದ್ದರೆ ಅವನಿಗೆ ಬಿಡುಗಡೆ ಇದೆ.

ಪುಕ್ಕಟೆ ಪರ್ಯಾಯಗಳಲ್ಲಿ ಇಎಸ್‌ಪಿಎನ್‌ನ ಕ್ವಾರ್ಟರ್‌ಬ್ಯಾಕ್ ರೇಟಿಂಗ್ ಕ್ಯೂಬಿಆರ್ ಎದುರಾಳಿಯ ಬಲವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಸ್ಯಾಕ್ ಮತ್ತು ಓಟವನ್ನೂ ಸೇರಿಸುತ್ತದೆ. ಒಂದೇ ಸಂಖ್ಯೆ ಸಾಕು ಎನ್ನುವವರಿಗೆ ಪಿಎಫ್‌ಎಫ್‌ಗಿಂತ ಅದೇ ಲೇಸು. ತಂಡಗಳ ಅಂದಾಜಿಗೆ ಎಸ್‌ಪಿ ಪ್ಲಸ್ ಇದೆ. ಸೀಸನ್‌ಗೆ ಮುಂಚೆ ಅದು ಮರಳಿ ಬಂದ ಆಟಗಾರರ ಪಾಲು, ಹೊಸ ಆಯ್ಕೆಗಳ ಗುಣಮಟ್ಟ, ಹಿಂದಿನ ವರ್ಷಗಳ ಆಟ ಇವುಗಳ ಮೇಲೆ ನಿಂತಿರುತ್ತದೆ. ಎಪಿ ಪೋಲ್ ಮನರಂಜನೆಗೆ ಸೈ. ಬಾಕ್ಸ್ ಸ್ಕೋರ್ ಒಂದೇ ಇದ್ದರೂ ಒಂದು ಲೆಕ್ಕ ಮಾಡಿಕೊಳ್ಳಬಹುದು: ಪಾಸಿಂಗ್ ಯಾರ್ಡ್‌ಗಳಿಂದ ಸ್ಯಾಕ್ ಯಾರ್ಡ್‌ಗಳನ್ನು ಕಳೆದು, ಎಸೆತ ಮತ್ತು ಸ್ಯಾಕ್‌ಗಳ ಮೊತ್ತದಿಂದ ಭಾಗಿಸಿ. ಆರೆಗಾನ್ ವಿರುದ್ಧದ ಸ್ಯಾಂಡರ್ಸ್ ಆಟವನ್ನು ಸ್ಯಾಕ್ ಯಾರ್ಡ್ ಕಳೆಯದೆ ಬರೀ 40 ಪ್ರಯತ್ನಗಳಿಂದ ಭಾಗಿಸಿದರೂ 4.8ರ ಬದಲು 4 ಯಾರ್ಡ್ ಆಗುತ್ತದೆ. ಕಳೆದರೆ ಇನ್ನೂ ಕೆಳಗೆ.

ಯಾರು ಕೊಳ್ಳಬೇಕು? ಒಂದೇ ತಂಡವನ್ನು ಹಿಂಬಾಲಿಸುವವರಿಗೆ ಬೇಡ. ಪಂದ್ಯ ರೆಕಾರ್ಡ್ ಮಾಡಿ ಸ್ಯಾಕ್‌ಗಳನ್ನು ಎರಡು ಸಲ ನೋಡಿದರೆ ಈ ಟ್ಯಾಬ್‌ಗಳ ಮುಕ್ಕಾಲು ಪಾಲು ತಾನೇ ಸಿಗುತ್ತದೆ. ಎನ್‌ಎಫ್‌ಎಲ್ ತಂಡಗಳು ಆಟಗಾರರನ್ನು ಆರಿಸುವ ಡ್ರಾಫ್ಟ್ ದೃಷ್ಟಿಯಿಂದ ಹತ್ತಾರು ಕ್ವಾರ್ಟರ್‌ಬ್ಯಾಕ್‌ಗಳನ್ನು ಹೋಲಿಸುವವರಿಗೆ, ಇಡೀ ಕಾನ್ಫರೆನ್ಸ್ (ತಂಡಗಳ ಗುಂಪು) ಬಗ್ಗೆ ಬರೆಯುವವರಿಗೆ ಇದಕ್ಕೆ ಬದಲಿ ಇಲ್ಲ. ವರ್ಷದ ಚಂದಾ ಬೇಡವೆಂದು ಒಂದೇ ತಿಂಗಳಿಗೆ ಕಟ್ಟುವುದಾದರೆ ಆಗಸ್ಟ್‌ನಲ್ಲಿ ಕಟ್ಟಬೇಡಿ. ಅಕ್ಟೋಬರ್ ಮೊದಲ ವಾರ ಕಟ್ಟಿ, ಅಷ್ಟರಲ್ಲಿ ಐದು ಪಂದ್ಯ ಆಗಿ ಕಾನ್ಫರೆನ್ಸ್ ಎದುರಾಳಿಗಳೂ ಬಂದಿರುತ್ತಾರೆ. ಮೊದಲ ದಿನವೇ ಹಿಂದಿನ ಎರಡು ಸೀಸನ್‌ಗಳ ಪ್ರೆಷರ್, ಅಲೌಡ್ ಪ್ರೆಷರ್, ಕಾನ್ಸೆಪ್ಟ್ ಪಟ್ಟಿಗಳನ್ನು ಸಿಎಸ್‌ವಿ ಕಡತಗಳಾಗಿ ಇಳಿಸಿಕೊಳ್ಳಿ. ಇಳಿಸುವ ಮುನ್ನ ಕನಿಷ್ಠ ಡ್ರಾಪ್‌ಬ್ಯಾಕ್ ಮಿತಿಯನ್ನು ತಗ್ಗಿಸಿ, ಇಲ್ಲವಾದರೆ ಗಾಯದಿಂದ ಅರ್ಧ ಸೀಸನ್ ಕೂತವರು, ಎರಡನೇ ಸಾಲಿನಿಂದ ಬಂದು ಈ ವರ್ಷ ಆರಂಭಿಸುತ್ತಿರುವವರು ಪಟ್ಟಿಯಿಂದಲೇ ಮಾಯವಾಗಿರುತ್ತಾರೆ.